ಸೊಸೆಯರ ಮಣ್ಣು

ಸೊರಟೂರಿನ ಆ ಓಣಿಯಲ್ಲಿ ಯಾವ ಮನೆತನ ಎಷ್ಟು ದೊಡ್ಡದು ಎಂದು ಯಾರನ್ನೂ ಕೇಳಬೇಕಾಗಿರಲಿಲ್ಲ. ತಲೆ ಎತ್ತಿ ಮಣ್ಣಿನ ಮಾಳಿಗೆಯ ಅಂಚು ನೋಡಿದರೆ ಸಾಕಿತ್ತು. ಪ್ರತಿವರ್ಷ ಮುಂಗಾರಿನ ಮಿರಗದ ಮಳೆಗೆ ಮುಂಚೆ ಮನೆಯ ಸೊಸೆ ಬಿಳಿಯ ಕರಲು ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಮಾಳಿಗೆಗೆ ಹಾಕಬೇಕು. ಅದನ್ನು ತುಳಿದು, ಬಡಿದು ಗಟ್ಟಿ ಮಾಡಿದರೆ ಆ ವರ್ಷ ಮನೆ ಸೋರುವುದಿಲ್ಲ. ಹಾಕಿದ ಮಣ್ಣನ್ನು ಮಾತ್ರ ಯಾರೂ ತೆಗೆಯುವಂತಿಲ್ಲ. ಮಾಳಿಗೆಯಿಂದ ಮಣ್ಣು ಇಳಿಯುವುದು ವಂಶ ನಿಂತ ಮನೆಯಲ್ಲಿ ಎಂದು ಅವರ ನಂಬಿಕೆ. ಹೀಗಾಗಿ ಅತ್ತೆಯ ಮಣ್ಣಿನ ಮೇಲೆ ಸೊಸೆಯ ಮಣ್ಣು, ಅದರ ಮೇಲೆ ಆಕೆಯ ಸೊಸೆಯದು. ದಪ್ಪ ಅಂಚಿನ ಮನೆಯವರು ಕಟ್ಟೆಯ ಮೇಲೆ ಕುಳಿತು ಮೀಸೆ ತಿರುವುತ್ತಿದ್ದರು. ಗೇಣುದ್ದ ಮಣ್ಣಿನ ಮನೆಗೆ ಹೆಣ್ಣು ಕೊಡುವವರು ಮತ್ತೊಮ್ಮೆ ಯೋಚಿಸುತ್ತಿದ್ದರು. ಮಂದಿಯ ಮರ್ಯಾದೆ ಎಲ್ಲೆಲ್ಲಿ ಹೋಗಿ ಕೂಡುತ್ತದೋ ಹೇಳಲು ಬಾರದು.

ಹೇಮಪ್ಪನ ಮನೆಯ ಮಾಳಿಗೆಯ ಮಣ್ಣು ಮೊಣಕಾಲು ಮುಟ್ಟಿತ್ತು. ಓಣಿಯಲ್ಲಿ ಅದಕ್ಕಿಂತ ದಪ್ಪನೆಯದು ಇನ್ನೊಂದಿರಲಿಲ್ಲ.

ಆ ಮನೆಗೆ ಉಳಿದಿದ್ದ ಸೊಸೆ ಒಬ್ಬಳೇ, ಹನಮಂತವ್ವ. ಹೇಮಪ್ಪನ ತಮ್ಮ ತಿರಕಪ್ಪನ ಹೆಂಡತಿ. ಹೇಮಪ್ಪನ ಹೆಂಡತಿ ಮಕ್ಕಳಾಗುವ ಮೊದಲೇ ತೀರಿಕೊಂಡಿದ್ದಳು. ಅವನು ಮತ್ತೆ ಮದುವೆಯಾಗಲಿಲ್ಲ. ಹನಮಂತವ್ವನ ತವರು ಲಕ್ಷ್ಮೇಶ್ವರ. ಆಗ ಅದು ಸಂಸ್ಥಾನದ ಊರಾದ್ದರಿಂದ "ಬ್ಯಾರೆ ರಾಜನ ಊರಾಕಿ" ಎಂದು ಅತ್ತೆ ಮುದುಕವ್ವ ಚಾಷ್ಟಿ ಮಾಡುತ್ತಿದ್ದಳು. ರಾಜರು ಹೋದರು, ಸಂಸ್ಥಾನಗಳು ಹೋದವು, ಅತ್ತೆಯ ಚಾಷ್ಟಿ ಹಾಗೇ ಉಳಿಯಿತು. ಮದುವೆಯಾಗಿ ಬಂದ ವರ್ಷದಿಂದ ಒಂದು ಬೇಸಿಗೆಯನ್ನೂ ತಪ್ಪಿಸದೆ ಆಕೆ ಮಾಳಿಗೆಗೆ ಮಣ್ಣು ಹೊತ್ತಿದ್ದಳು. ಬಸುರಿಯಿದ್ದಾಗಲೂ ಹೊತ್ತಿದ್ದಳು.

ಸಾವಿರದ ಒಂಬೈನೂರ ಐವತ್ತರ ಜಡಿಮಳೆಯಲ್ಲಿ ಆ ಮನೆಯ ಹಿತ್ತಲ ಕಡೆಯ ಕೋಣೆಯ ಮಾಳಿಗೆ ಬಿದ್ದಿತು. ಒಳಗೆ ಹನಮಂತವ್ವನ ಮಗಳು ಮಂಜವ್ವ ಒಬ್ಬಳೇ ಕವಡೆ ಆಡುತ್ತ ಕುಳಿತಿದ್ದಳು. ಎಂಟು ವರ್ಷದ ಕೂಸು. ಮಣ್ಣು ಸರಿಸಿ ಹೊರತೆಗೆದಾಗ ಮೈಮೇಲೆ ಒಂದು ಗಾಯವೂ ಇರಲಿಲ್ಲ, ಉಸಿರೂ ಇರಲಿಲ್ಲ. ಬಂದವರೆಲ್ಲ ಹಣೆ ಮುಟ್ಟಿಕೊಂಡು "ಹಣೆಬರಾ ಯವ್ವಾ, ಯಾರೇನ ಮಾಡೂದೈತಿ" ಎಂದರು. ಹನಮಂತವ್ವ ಆ ಒಂದು ಮಾತನ್ನು ಹಿಡಿದುಕೊಂಡೇ ಹಾಸಿಗೆಯಿಂದ ಎದ್ದಳು. ಅದಿಲ್ಲದಿದ್ದರೆ ಏಳುತ್ತಲೇ ಇರಲಿಲ್ಲ. ಮಳೆಗಾಲ ಮುಗಿದ ಮೇಲೆ ಹೊಸ ತೊಲೆ ಬಂತು, ಹೊಸ ಜಂತಿಗಳು ಬಂದವು. ಅಂಗಳದಲ್ಲಿ ಗುಡ್ಡೆಯಾಗಿ ಬಿದ್ದಿದ್ದ ಅದೇ ಮಣ್ಣನ್ನು ಮತ್ತೆ ಮೇಲೆ ಏರಿಸಿದರು. ಹಿರಿಯ ಸೊಸೆಯರ ಮಣ್ಣು, ಬಿಸಾಡಲಾದೀತೆ? ಏರಿಸಿದವಳು ಹನಮಂತವ್ವನೇ.

ಮಾಳಿಗೆ ಬಿದ್ದ ದಿನ ಅಂಗಳದಲ್ಲಿ ನಿಂತು ಎಲ್ಲವನ್ನೂ ನೋಡಿದ್ದವನು ಆಕೆಯ ಮಗ ಗವಿಸಿದ್ದಪ್ಪ. ಐವತ್ತಾರರ ಬೇಸಿಗೆಗೆ ಅವನು ಧಾರವಾಡದಲ್ಲಿ ಇಂಟರ್ ಮುಗಿಸಿ ಬಂದ. ಊರ ತುಂಬ ಆಗ ಏಕೀಕರಣದ ಮಾತು. ದೀಪಾವಳಿಯ ಹೊತ್ತಿಗೆ ಕನ್ನಡನಾಡು ಒಂದಾಗುವುದೆಂದು ಗೊತ್ತಾಗಿತ್ತು. ಹೇಮಪ್ಪ ಅದಕ್ಕಾಗಿ ಮೆರವಣಿಗೆಗಳಲ್ಲಿ ಗಂಟಲು ಹರಿದುಕೊಂಡವನು, ಗದಗಿನಲ್ಲಿ ಪೊಲೀಸರ ಏಟೂ ತಿಂದವನು. ಕೆಟ್ಟ ಮನುಷ್ಯನಲ್ಲ. ಆದರೆ ಆ ಮನೆಯಲ್ಲಿ ಅವನ ಮಾತೇ ಕಡೆಯ ಮಾತು, ಅದು ಅವನಿಗೆ ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು.

"ಗವಿಸಿದ್ದಾ, ನೀ ವಕೀಲಿ ಕಲಿಯಾಕ ಹೋಗು" ಎಂದ ಹೇಮಪ್ಪ, ಪಡಸಾಲೆಯಲ್ಲಿ ಊಟಕ್ಕೆ ಕುಳಿತಾಗ. "ಮುಂಬೈದವರ ಕೈಯಾಗಿನ ಆಡಳಿತ ನಮ್ಮ ಮಂದಿ ಕೈಗೆ ಬರತೈತಿ. ಹೊಸಾ ರಾಜ್ಯಕ್ಕ ಕಾಯ್ದೆ ಬಲ್ಲವರು ಬೇಕು."

"ನಾ ಇಂಜಿನಿಯರ್ ಆಗತೇನಿ ದೊಡ್ಡಪ್ಪಾ. ಕಟ್ಟಡದ್ದು. ಹುಬ್ಬಳ್ಳ್ಯಾಗ ಕಾಲೇಜ ಐತಿ."

ಹೇಮಪ್ಪನಿಗೆ ಮೊದಲು ನಗು ಬಂತು. "ಗೌಂಡಿ ಕೆಲಸಕ್ಕ ಕಾಲೇಜ ಯಾಕ ಬೇಕಲೇ? ನಮ್ಮ ಮೂಕಪ್ಪ ಯಾವ ಕಾಲೇಜ ಕಲಿತಾನ? ಅರ್ಧ ಊರು ಅವನ ಕಟ್ಯಾನ."

"ಮೂಕಪ್ಪ ಚಲೋ ಕಟ್ಟತಾನ, ಇಲ್ಲಂದವರು ಯಾರು? ಕಟ್ಟಿದ ಮ್ಯಾಲೆ ಅದರ ಮ್ಯಾಲೆ ನಾವೆಷ್ಟು ಹೇರತೇವಿ, ಅದೆಷ್ಟು ತಡೀತೈತಿ, ಅದನ್ನ ಕಲೀಬೇಕು ನಾ."

"ನಿನಗ್ಯಾಕ ಬೇಕದು?"

"ಮಂಜಿ ಸಲುವಾಗಿ."

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಹನಮಂತವ್ವನ ಕೈ ನಿಂತಿತು. ಆರು ವರ್ಷದಲ್ಲಿ ಆ ಹೆಸರನ್ನು ಆ ಮನೆಯಲ್ಲಿ ಯಾರೂ ಇಷ್ಟು ಗಟ್ಟಿಯಾಗಿ ಹೇಳಿರಲಿಲ್ಲ.

ಹೇಮಪ್ಪನ ದನಿ ಇಳಿಯಿತು. "ಅದು ಆಕಿ ಹಣೆಬರಾ ಆತು, ತಮ್ಮಾ. ಬರದದ್ದನ್ನ ಕಲತು ಅಳಸ್ತೀಯೇನು?"

"ಯಾರೂ ಏನೂ ಬರದಿರಲಿಲ್ಲ ದೊಡ್ಡಪ್ಪಾ. ಆ ತೊಲಿ ನಾ ನೋಡೇನಿ. ಗೆದ್ದಲ ತಿಂದಿರಲಿಲ್ಲ, ಕೊಳತಿರಲಿಲ್ಲ. ನಟ್ಟನಡುವ ಮುರದಿತ್ತು. ಹೊರಲಾರದಷ್ಟು ಮಣ್ಣ ಹೊರಿಸಿದ್ವಿ, ಮುರೀತು. ಈ ಪಡಸಾಲಿ ತೊಲಿನೂ ಜೋಲು ಬಿದ್ದೈತಿ, ತಲಿ ಎತ್ತಿ ನೋಡ್ರಿ. ಅದರ ಕೆಳಗ ಅಜ್ಜಿ ಮಲಗತಾಳ. ಈ ವರ್ಷ ಮಣ್ಣ ಹಾಕಬ್ಯಾಡ್ರಿ, ತೆಗೀರಿ."

ಮಣ್ಣು ತೆಗೆಯುವ ಮಾತು ಕೇಳಿದ್ದೇ ಹೇಮಪ್ಪ ತಾಟು ಸರಿಸಿ ಎದ್ದ. "ನನ್ನ ಮನಿ ಹಾಳ ಮಾಡೂ ವಿದ್ಯಾಕ್ಕ ನಾ ಕಳಸಂಗಿಲ್ಲ" ಎಂದು ಹೇಳಿ ಹೊರಗೆ ನಡೆದ. ತಿರಕಪ್ಪ ಎಂದಿನಂತೆ ಹೊರಟ ಅಣ್ಣನ ಬೆನ್ನನ್ನೊಮ್ಮೆ, ಮಗನ ಮುಖವನ್ನೊಮ್ಮೆ ನೋಡಿ ತಾಟಿಗೆ ಬಗ್ಗಿದ. ಹಂಚಿನ ಮೇಲೆ ರೊಟ್ಟಿ ಸೀದು ಹೊಗೆ ಎದ್ದಿತ್ತು.

ಹನಮಂತವ್ವನಿಗೆ ಬಂದ ಸಿಟ್ಟು ಭಾವನ ಮೇಲಲ್ಲ, ಮಗನ ಮೇಲೆ. ಮಾರನೆಯ ದಿನವೂ ಅವನೊಂದಿಗೆ ಮಾತಾಡಲಿಲ್ಲ. ತಾಟನ್ನು ಕುಕ್ಕಿ ಮುಂದಿಟ್ಟಳು. 'ಹೊರಿಸಿದ್ವಿ' ಎಂದನಲ್ಲ, ಯಾರು ಹೊರಿಸಿದವರು? ಹೇಮಪ್ಪ ಒಂದು ಬುಟ್ಟಿ ಎತ್ತಿದವನಲ್ಲ. ತಿರಕಪ್ಪ ಗಾಡಿ ಹೊಡೆದು ಮಣ್ಣು ತಂದು ಸುರಿದರೆ ಅವನ ಕೆಲಸ ಮುಗಿಯಿತು. ತಲೆಯ ಮೇಲಿಟ್ಟುಕೊಂಡು ನಿಚ್ಚಣಿಕೆ ಹತ್ತಿದವಳು ತಾನು. ಹಣೆಬರಹವಾದರೆ ದೇವರು ಕೊಂದ ಹಾಗೆ. ಅವನನ್ನು ಬೈದುಕೊಂಡು, ಅವನಿಗೇ ಕೈ ಮುಗಿದುಕೊಂಡು ಬದುಕಬಹುದು. ಮಣ್ಣಿನಿಂದ ಸತ್ತಳು ಎಂದರೆ ಕೊಂದ ಕೈ ಯಾರದು? ಈ ಹುಡುಗ ಕಲಿತು ಬಂದು ತನ್ನ ಕಾಲ ಕೆಳಗಿನ ನೆಲವನ್ನೇ ಅಗೆಯುತ್ತಿದ್ದಾನಲ್ಲ ಎಂದು ಆಕೆಗೆ ಉರಿಯಿತು.

ಆ ವಾರವೇ ಮನೆಯ ಮುಂದೆ ಕರಲು ಮಣ್ಣಿನ ಗಾಡಿ ಬಂದು ಸುರಿಯಿತು. ಸೋಮವಾರ ಏರಿಸುವುದು ಎಂದು ಹೇಮಪ್ಪ ಸಾರಿದ.

ಭಾನುವಾರ ಮಧ್ಯಾಹ್ನ ಗಂಡಸರೆಲ್ಲ ಹೊರಗೆ ಹೋಗಿದ್ದಾಗ ಹನಮಂತವ್ವ ಒಂದು ಬುಟ್ಟಿ ಒಣ ಮಣ್ಣು ತುಂಬಿ ತಲೆಗಿಟ್ಟುಕೊಂಡು ಅಂಗಳದಲ್ಲಿ ಓಡಾಡಿದಳು. ಗೊತ್ತಿದ್ದ ಭಾರ. ಕುತ್ತಿಗೆಗೆ ಅದು ಹಳೆಯ ಗೆಳತಿ. ಬುಟ್ಟಿ ಇಳಿಸಿ ಕೊಡದಿಂದ ನೀರು ಸುರಿದಳು. ಮಣ್ಣು ಗಟಗಟ ಕುಡಿಯಿತು. ಇನ್ನಷ್ಟು ಸುರಿದಳು, ಅದನ್ನೂ ಕುಡಿಯಿತು. ಆಮೇಲೆ ಎತ್ತಲು ಹೋದರೆ ಬುಟ್ಟಿ ನೆಲ ಬಿಟ್ಟು ಏಳಲಿಲ್ಲ. ಪಕ್ಕದ ಮನೆಯ ದಿಲಶಾದಬಿಯನ್ನು ಕರೆದಳು. ಇಬ್ಬರೂ ಕೂಡಿ ಎತ್ತಿ ತಲೆಗೇರಿಸಿದರು.

"ಯಾ ಅಲ್ಲಾ! ಏನ ತುಂಬೀಬೇ ಇದರಾಗ, ಹನಮವ್ವಾ? ಕುತ್ತಿಗಿ ಮುರಕೋತಿ, ಇಳಸ" ಎಂದಳು ದಿಲಶಾದಬಿ.

ಹನಮಂತವ್ವ ಇಳಿಸಲಿಲ್ಲ. ಮಂಡೆಯಿಂದ ಬೆನ್ನುಹುರಿಯವರೆಗೆ ಮೈ ನಡುಗುತ್ತಿತ್ತು. ಇಪ್ಪತ್ತು ವರ್ಷ ತಾನು ಮಣ್ಣು ಹೊತ್ತಿದ್ದೆಲ್ಲ ಬಿಸಿಲಲ್ಲಿ, ಒಣಗಿದ್ದಾಗ. ಮಳೆಗಾಲದಲ್ಲಿ ತೋಯ್ದು ಭಾರವಾದ ಅದೇ ಮಣ್ಣನ್ನು ಹೊತ್ತು ನಿಂತದ್ದು ತೊಲೆ. ಅದಕ್ಕೆ ಇಳಿಸಲು ಬಾರದು, ಯಾರನ್ನೂ ಕರೆಯಲು ಬಾರದು. ಆಕೆಗೆ ಅಳು ಬಂತು. ತಲೆಯ ಮೇಲೆ ಬುಟ್ಟಿ ಇದ್ದುದರಿಂದ ಕಣ್ಣು ಒರೆಸಿಕೊಳ್ಳಲೂ ಆಗಲಿಲ್ಲ.

ಸಂಜೆ ಮಗ ಬಂದಾಗ ಆಕೆ ಎದುರಿಗೆ ಬಂದು ನಿಂತಳು.

"ಗವಿಸಿದ್ದಾ, ಆ ಮಣ್ಣ ಹೊತ್ತಾಕಿ ನಾನು. ನನ್ನಿಂದ ಸತ್ತಳೇನ ಮಂಜಿ?"

ಅವನು ಇದನ್ನು ನಿರೀಕ್ಷಿಸಿರಲಿಲ್ಲ. ಭಾರದ ಲೆಕ್ಕ ಹಾಕಿದ್ದವನು ಅದನ್ನು ಹೊತ್ತವರ ಬಗ್ಗೆ ಯೋಚಿಸಿರಲಿಲ್ಲ. ಮುಖ ಕೆಂಪಾಯಿತು. "ಇಲ್ಲ ಯವ್ವಾ. ನಿಂದೇನ ತಪ್ಪೈತಿ? ಆಗೂದಿತ್ತು, ಆತು."

"ದೊಡ್ಡಪ್ಪಗ ಒಂದು, ನನಗೊಂದು ಹೇಳತೀಯೇನು? ನಾ ಅಳತೇನಂತ ಸುಳ್ಳ ಹೇಳಬ್ಯಾಡ. ಖರೆ ಹೇಳು."

"ನಿನ್ನೊಬ್ಬಾಕಿದಲ್ಲವ್ವಾ. ಅಜ್ಜಿದೂ ಐತಿ, ಅಜ್ಜಿ ಅತ್ತಿದೂ ಐತಿ. ಎಲ್ಲಾರೂ ಹಾಕಿದ್ರಿ, ಒಬ್ಬರೂ ತೆಗೀಲಿಲ್ಲ."

"ತೆಗದಿದ್ರ ಬದಕತಿದ್ದಳೇನು?"

"ಹೂಂ" ಎಂದ ಅವನು. "ಬದಕತಿದ್ದಳು."

ಹನಮಂತವ್ವ ತಲೆಬಾಗಿಲ ಚೌಕಟ್ಟು ಹಿಡಿದು ಕುಳಿತಳು. ಗವಿಸಿದ್ದಪ್ಪ ಹೆದರಿ ಆಕೆಯ ಕೈ ಹಿಡಿದ. "ಯವ್ವಾ, ನಾ ಹೇಳಬಾರದಿತ್ತು. ಬಿಡು. ದೊಡ್ಡಪ್ಪ ಹೇಳಿದ್ದನ್ನ ಕಲೀತೇನಿ. ವಕೀಲಿನ ಕಲೀತೇನಿ."

ಆಕೆ ಕೈ ಕೊಸರಿಕೊಂಡಳು. "ಏನಂದಿ? ನನ್ನ ಎದಿಗೆ ಇಷ್ಟ ದೊಡ್ಡ ಕಲ್ಲ ಹೇರಿ, ಈಗ ಕರಿ ಕೋಟ ಹಾಕ್ಕೊಂಡು ತಿರಗತೀಯೇನು? ನಾ ಕೊಂದೇನಿ ಅಂತ ಒಪ್ಪಕೋತೇನಲೇ. ಒಪ್ಪಕೊಂಡ ಮ್ಯಾಲೆ ನೀ ಹಿಂದ ಸರದ್ರ ನಾ ಸುಮ್ಮನಿರಂಗಿಲ್ಲ."

ಸೋಮವಾರ ಬೆಳಿಗ್ಗೆ ಓಣಿಯ ಹೆಂಗಸರು ಬುಟ್ಟಿ ಹಿಡಿದು ಬಂದರು. ಮೊದಲ ಬುಟ್ಟಿ ಮನೆಯ ಸೊಸೆಯದು. ಆಮೇಲೆ ಉಳಿದವರು ಕೈ ಹಚ್ಚುವುದು ವಾಡಿಕೆ. ಹೇಮಪ್ಪ ಶುಭ್ರವಾದ ಧೋತರ ಉಟ್ಟು ಕಟ್ಟೆಯ ಮೇಲೆ ಕುಳಿತಿದ್ದ. ಮುದುಕವ್ವ ಪಕ್ಕದಲ್ಲಿ ಎಲೆ ಅಡಿಕೆ ಜಗಿಯುತ್ತಿದ್ದಳು. ಹನಮಂತವ್ವ ಸೆರಗು ಸೊಂಟಕ್ಕೆ ಬಿಗಿದು ಬಂದಳು. ಕೈಯಲ್ಲಿ ಬುಟ್ಟಿ ಖಾಲಿಯಿತ್ತು, ಇನ್ನೊಂದು ಕೈಯಲ್ಲಿ ಸಲಿಕೆ. ಮಣ್ಣಿನ ರಾಶಿಯ ಪಕ್ಕದಿಂದ ಹಾಯ್ದು ನಿಚ್ಚಣಿಕೆ ಹತ್ತಿದಳು. ಮಾಳಿಗೆಯ ಮೇಲೆ ಸಲಿಕೆ ಊರಿದ ಸದ್ದು ಕೆಳಗೆ ಎಲ್ಲರಿಗೂ ಕೇಳಿಸಿತು. ಮೊದಲ ಬುಟ್ಟಿ ಮಣ್ಣು ಬೀದಿಗೆ ಬಿದ್ದಾಗ ಧೂಳು ಎದ್ದು ಹೇಮಪ್ಪನ ಧೋತರದ ಮೇಲೆಲ್ಲ ಕೂತಿತು.

"ಹನಮವ್ವಾ! ಇಳಿ ಕೆಳಗ!" ಹೇಮಪ್ಪ ಎದ್ದು ನಿಂತ. "ಮಾಳಿಗಿ ಮಣ್ಣ ತೆಗೀತಾರೇನು? ನಾವೇನ ಸತ್ತೇವೇನು?"

"ಸಾಯಬಾರದಂತನ ತೆಗ್ಯಾಕತ್ತೇನ್ರಿ ಭಾವಾ."

ಇನ್ನೊಂದು ಬುಟ್ಟಿ ಬಿತ್ತು. ಮುದುಕವ್ವ ಬಾಯಿಯಲ್ಲಿದ್ದುದನ್ನು ಉಗುಳಿ ಚೀರಿದಳು. "ನನ್ನ ಮಣ್ಣೈತಿ ಅದರಾಗ! ನಮ್ಮತ್ತಿ ಮಣ್ಣೈತಿ! ಮುಟ್ಟಿದಿ ಅಂದ್ರ ನನ್ನ ಹೆಣಾ ನೋಡತಿ!"

"ಅದನ್ನ ನೋಡಬಾರದು ನಾ, ಅತ್ತಿ. ಒಂದು ನೋಡೇನಿ, ಸಾಕಾಗೇತಿ."

ಓಣಿಯೆಲ್ಲ ಸೇರಿತು. ಮಗಳ ದುಃಖ ಈಗ ನೆತ್ತಿಗೇರಿದೆ ಎಂದು ಒಬ್ಬಾಕೆ ಪಿಸುಗುಟ್ಟಿದಳು. ಹೇಮಪ್ಪ ಜನರ ಮುಂದೆ ದನಿ ತಗ್ಗಿಸಿ, ರಮಿಸುವವನಂತೆ, ಅದು ಯಾರ ಕೈಯಲ್ಲೂ ಇರಲಿಲ್ಲ, ಕೂಸಿನ ಹಣೆಬರಹ, ಸುಮ್ಮನೆ ತಲೆ ಕೆಡಿಸಿಕೊಳ್ಳಬೇಡ ಎಂದ. ಅವನಿಗೂ ಆ ಕೂಸಿನ ಮೇಲೆ ಜೀವವಿತ್ತು. ಹನಮಂತವ್ವ ಸಲಿಕೆ ಊರಿ ಮಾಳಿಗೆಯ ಅಂಚಿಗೆ ಬಂದು ನಿಂತಳು. ಗಂಡನ ಅಣ್ಣನೆದುರು ಎಂದೂ ಸೆರಗು ಜಾರಗೊಡದವಳ ತಲೆಯ ಮೇಲೆ ಅಂದು ಸೆರಗಿರಲಿಲ್ಲ.

"ಹಣೆಬರಾ ಅಂದ್ರ ನನ್ನ ಮನಸ್ಸಿಗೆ ಹಗರ ಆಗತೈತ್ರಿ ಭಾವಾ. ಆರು ವರ್ಷ ಹಗರ ಮಾಡಕೊಂಡೇನಿ. ತೊಲಿಗೆ ಹಗರ ಆಗಲಿಲ್ಲ. ನನ್ನ ಮಗಳನ್ನ ನಾ ಕೊಂದೇನಿ. ನಾನೂ, ನಮ್ಮತ್ತಿನೂ, ಕೈ ಹಚ್ಚಾಕ ಬಂದ ನೀವೆಲ್ಲಾರೂ ಕೂಡಿ, ಬುಟ್ಟಿ ಬುಟ್ಟಿ ಹೊತ್ತು ಕೊಂದೇವಿ. ದೇವರ ಮ್ಯಾಲೆ ಹಾಕಬ್ಯಾಡ್ರಿ. ಅವನ ಕೈಯಾಗಿದ್ರ ನಾ ಏನೂ ಮಾಡಾಕ ಬರಂಗಿಲ್ಲ. ನನ್ನ ಕೈಯಾಗಿತ್ತು ಅಂದ್ರ ಇನ್ನೊಂದ ಜೀವ ಉಳಸಾಕ ಬರತೈತಿ. ನನಗ ಇದು ಬೇಕು. ಆ ತಪ್ಪ ನಂದ, ಅದನ್ನ ಯಾರೂ ಕಸಗೋಬ್ಯಾಡ್ರಿ."

ಮುದುಕವ್ವ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ತಿರಕಪ್ಪ ಹುಟ್ಟಿದಾಗಿನಿಂದ ಅಣ್ಣನ ಮಾತು ಮೀರಿದವನಲ್ಲ. ಅಂದೂ ಮೀರುತ್ತೇನೆಂದು ಹೇಳಲಿಲ್ಲ. ಗುದ್ದಲಿ ಹೆಗಲಿಗಿಟ್ಟು ನಿಚ್ಚಣಿಕೆ ಹತ್ತಿದ. ಹಿಂದೆ ಗವಿಸಿದ್ದಪ್ಪನೂ ಹತ್ತಿದ.

ಮೂವರೂ ಸಂಜೆಯವರೆಗೂ ಅಗೆದರು. ಮೇಲಿನ ಬಿಳಿ ಮಣ್ಣು ಮುಗಿದು ಕೆಳಗೆ ಬೂದಿ ಬಣ್ಣದ್ದು ಬಂತು, ಮುದುಕವ್ವನ ಕಾಲದ್ದು. ಹನಮಂತವ್ವ ಅದನ್ನೂ ಬಿಡದೆ ಕೆರೆಯುತ್ತಿದ್ದಾಗ ಮಗ ಸಲಿಕೆ ಹಿಡಿದು ತಡೆದ.

"ಯವ್ವಾ, ಸಾಕು. ಬಾಳ ತೆಗದ್ರ ಸೋರತೈತಿ."

"ಎಷ್ಟು ತೆಗೀಬೇಕು? ಎಷ್ಟು ಬಿಡಬೇಕು?"

ಅವನು ತಲೆ ಕೆರೆದುಕೊಂಡ. "ಅದು ನನಗೂ ಗೊತ್ತಿಲ್ಲ."

ಹನಮಂತವ್ವ ಹಣೆಯ ಬೆವರು ಒರೆಸಿಕೊಳ್ಳುತ್ತ ಅವನನ್ನು ದಿಟ್ಟಿಸಿ ನೋಡಿದಳು. ಇಷ್ಟು ಹೊತ್ತು ಅವನಿಗೆ ಎಲ್ಲ ಗೊತ್ತಿದೆ ಎಂದೇ ನಂಬಿದ್ದಳು. ಬೈಯಬೇಕೆನಿಸಿತು, ಬೈಯಲಿಲ್ಲ. ಒಂದು ಗೇಣು ಮಣ್ಣು ಬಿಟ್ಟು ಇಳಿದರು.

ಸೋರಿತು. ಸೋರದೆ ಏನು ಮಾಡೀತು? ಗವಿಸಿದ್ದಪ್ಪ ಹುಬ್ಬಳ್ಳಿಗೆ ಹೊರಡುವ ದಿನ ಬೆಳಿಗ್ಗೆಯೇ ಮಳೆ ಹಿಡಿಯಿತು. ಜೋಲು ಬಿದ್ದಿದ್ದ ತೊಲೆ ಅಲ್ಲಾಡದೆ ನಿಂತಿತ್ತು, ಆದರೆ ಜಂತಿಗಳ ಸಂದಿಯಿಂದ ನೀರು ಧಾರೆಧಾರೆಯಾಗಿ ಇಳಿಯಿತು. ಪಡಸಾಲೆಯ ತುಂಬ ಕೊಡ, ಪಾತೇಲಿ, ತಾಟು, ಕಡೆಗೆ ಎತ್ತಿಗೆ ಹಿಂಡಿ ಇಡುವ ಬೋಗುಣಿಯೂ ಬಂತು. ಮುದುಕವ್ವ ಕೌದಿ ಸುತ್ತಿಕೊಂಡು ಮೂಲೆಯಿಂದ ಮೂಲೆಗೆ ಸರಿಯುತ್ತ ಸೊಸೆಗೂ ಮೊಮ್ಮಗನಿಗೂ ಬೈಗುಳ ಹಂಚುತ್ತಿದ್ದಳು. ಬೈಯಲು ಆಕೆಗೆ ಉಸಿರು ಚೆನ್ನಾಗಿಯೇ ಇತ್ತು.

ಹೇಮಪ್ಪ ಅಂದಿನಿಂದ ಮನೆಯಲ್ಲಿ ಉಣ್ಣುವುದನ್ನು ಬಿಟ್ಟಿದ್ದ. ಏಕೀಕರಣದವರ ಕಚೇರಿಯಲ್ಲೇ ಮಲಗುತ್ತಿದ್ದ. ಮಳೆ ಬಂತೆಂದು ಛತ್ರಿ ಹಿಡಿದು ಬಂದು ತಲೆಬಾಗಿಲಲ್ಲಿ ನಿಂತ. ಹಿಂದೆ ಓಣಿಯ ನಾಲ್ಕಾರು ಮಂದಿ. ಒಳಗಿನ ಅವಸ್ಥೆ ನೋಡಿ ಅವನಿಗೆ ಸಮಾಧಾನವಾಯಿತು, ಅದನ್ನು ಮುಚ್ಚಿಡಲೂ ಇಲ್ಲ.

"ನೋಡ್ರಪಾ, ನಮ್ಮ ಇಂಜಿನೇರನ ಮನಿ! ಮೂರು ತಲಿಮಾರು ಒಂದು ಹನಿ ಬಿದ್ದಿರಲಿಲ್ಲ. ಹನಮವ್ವಾ, ಇದನ್ನ ಕಲಿಯಾಕ ಕಳಸ್ತೀಯೇನು ಮಗನ್ನ?"

ಗವಿಸಿದ್ದಪ್ಪ ನಾಚಿಕೆಯಿಂದ ಟ್ರಂಕು ಕೆಳಗಿಟ್ಟ. "ಯವ್ವಾ, ಈ ವರ್ಷ ಇದ್ದುಬಿಡತೇನಿ. ಹೊಸಾ ಮಣ್ಣ ಹಾಕಿ, ಮಾಳಿಗಿ ಸುದ್ದ ಮಾಡಿ ಆಮ್ಯಾಲೆ ನೋಡೂಣು."

"ನೀ ಇದ್ದು ಏನ ಮಾಡತಿ? ನನಗೆಷ್ಟು ಗೊತ್ತೋ ನಿನಗೂ ಅಷ್ಟ ಗೊತ್ತೈತಿ" ಎಂದು ಹನಮಂತವ್ವ ಟ್ರಂಕನ್ನು ಎತ್ತಿ ತಿರಕಪ್ಪನ ಹೆಗಲಿಗೆ ಇಟ್ಟಳು. ಗೋಣಿತಾಟನ್ನು ಗೊಪ್ಪೆ ಮಾಡಿ ಮಗನ ತಲೆಗೆ ಹಾಕಿ, ಬೆನ್ನಿಗೆ ಕೈ ಕೊಟ್ಟು ಬಾಗಿಲಾಚೆ ತಳ್ಳಿದಳು. ಆಮೇಲೆ ಭಾವನ ಕಡೆ ತಿರುಗಿದಳು.

"ಹೌದ್ರಿ ಭಾವಾ, ಇದನ್ನ ಕಲಿಯಾಕ ಕಳಸೂದು. ಹಾಕಾಕ ನನಗ ಬರತಿತ್ತು. ತೆಗಿಯಾಕೂ ಬಂತು. ಎಷ್ಟು ಅನ್ನೂದು ಈ ಮನ್ಯಾಗ ಯಾರಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅದನ್ನ ತಿಳಕೊಂಡು ಬರಲಿ ಅವ."

"ಅಲ್ಲೀತನಾ ಹಿಂಗ ಸೋರತಿರಲೇನು?"

ಹನಮಂತವ್ವ ತುಂಬಿದ ಬೋಗುಣಿಯನ್ನು ಎತ್ತಿ ಅವನ ಕಾಲ ಪಕ್ಕದಿಂದ ಅಂಗಳಕ್ಕೆ ಚೆಲ್ಲಿದಳು.

"ಸೋರಲಿ ಬಿಡ್ರಿ" ಎಂದಳು. "ತೊಯ್ದವರು ಒಣಗತಾರ."